ಎರಡು ತಲೆಯ ಹಕ್ಕಿಯ ಬೆನ್ನು ಹತ್ತಿ

ಕಳೆದ ವರ್ಷ ಕೋಚಿಂಗ್ ಸೆಂಟರ್‌ನ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಕರ್ನಾಟಕದ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಎರಡೂ ಬದಿಯಲ್ಲಿ ನಿಂತಿರುವ ಪ್ರಾಣಿ ಯಾವುದು? ನಾನು 'ಸಿಂಹ' ಎಂದು ಗುರುತು ಹಾಕಿದೆ. ತಪ್ಪು. ಅದು ಶರಭ. ಮೈ ಸಿಂಹದ್ದು, ತಲೆ ಆನೆಯದ್ದು. 'ದಿನಾ ಇದೇ ಲಾಂಛನ ಇರೋ ಕಾಗದ ಹಿಡ್ಕೊಂಡು ಓಡಾಡ್ತೀಯಲ್ಲಮ್ಮ, ಒಂದು ಸಲಾನೂ ನೋಡಿಲ್ವಾ?' ಎಂದರು ಮೇಷ್ಟ್ರು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ.

ಸಂಜೆ ಪಿಜಿಗೆ ಬಂದು ಫೈಲ್ ತೆರೆದೆ. ಜಾತಿ-ಆದಾಯ ಪ್ರಮಾಣಪತ್ರದ ನೆತ್ತಿಯಲ್ಲಿ ಆ ಹಕ್ಕಿ ಕೂತಿತ್ತು. ಮೂರು ವರ್ಷದಿಂದ ಅದನ್ನು ಝೆರಾಕ್ಸ್ ಮಾಡಿಸಿದ್ದೇನೆ, ಸ್ಕ್ಯಾನ್ ಮಾಡಿದ್ದೇನೆ, ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡಿದ್ದೇನೆ. ನೋಡಿರಲಿಲ್ಲ, ಅಷ್ಟೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳು ಇನ್ನೊಂದು ಪೆಟ್ಟು ಕೊಟ್ಟಳು: 'ನನ್ನ ಮದುವೆ ಸೀರೆ ಅಂಚಿನ ತುಂಬ ಅದೇ ಇದೆಯಲ್ಲೇ!'

ಆಮೇಲೆ ಒಂದು ಪರೀಕ್ಷೆಯ ಆಯ್ಕೆ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿರಲಿಲ್ಲ. ಅಪ್ಪ ಬೈಯಲಿಲ್ಲ, ಏನೂ ಕೇಳಲೂ ಇಲ್ಲ. ಅದನ್ನು ತಡೆಯಲಾಗದೆ ಶಿರಾಳಕೊಪ್ಪದ ಅಕ್ಕನ ಮನೆಗೆ ಹೋಗಿ ಒಂದು ವಾರ ಕೂತೆ. ಪುಸ್ತಕ ಮುಟ್ಟುವ ಮನಸ್ಸಿರಲಿಲ್ಲ. ಭಾವ ಒಂದು ಬೆಳಿಗ್ಗೆ ಬೈಕ್ ತೆಗೆದು, 'ನಿನ್ನ ಹಕ್ಕಿ ಇಲ್ಲೇ ಪಕ್ಕದಲ್ಲಿದೆ, ಬಾ' ಎಂದರು.

ಬಳ್ಳಿಗಾವೆ ಅಲ್ಲಿಂದ ಕೂಗಳತೆ ದೂರ. ಅಲ್ಲಮಪ್ರಭುವಿನ ಊರೆಂದು ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ. ಭೇರುಂಡದ ಕಂಬ ಸುಮಾರು 30 ಅಡಿ ಎತ್ತರ. 1047ರಲ್ಲಿ ಇದನ್ನು ನಿಲ್ಲಿಸಿದವನು ಚಾಲುಕ್ಯರ ಕೈಕೆಳಗೆ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ. (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಅವನು ಇವನಿಗಿಂತ ಹಿಂದಿನವನು. ನಾನು ಇದನ್ನೂ ಗಲಿಬಿಲಿ ಮಾಡಿಕೊಂಡಿದ್ದೆ!) ಈ ಕಂಬಕ್ಕಾಗಿ ಕಡೆದ ಭೇರುಂಡ ಲಾಂಛನದಲ್ಲಿರುವಂತೆ ಪೂರ್ತಿ ಹಕ್ಕಿಯಲ್ಲ. ಮೈ ಮನುಷ್ಯನದು, ಅದರ ಮೇಲೆ ಎರಡು ಹಕ್ಕಿತಲೆ. ಮೂರ್ತಿಯಾಗಿ ಕೈಮುಗಿಸಿಕೊಂಡ ಈ ಭೇರುಂಡ ಹೊಲಕ್ಕೂ ಇಳಿದಿತ್ತು. ಆ ಊರಿನ ಶಾಸನಗಳಲ್ಲಿ ಭೂಮಿ ಅಳೆಯುವ 'ಭೇರುಂಡ ಗಳೆ'ಯ ಮಾತು ಬರುತ್ತದೆ. ದೇವರ ಹೆಸರಿನ ಕೋಲು ಹಿಡಿದವನು ಅಳತೆಯಲ್ಲಿ ಮೋಸ ಮಾಡಲು ಸ್ವಲ್ಪ ಹೆದರಿದ್ದಾನು ಎಂದುಕೊಂಡೆ.

ಅಲ್ಲಿಂದ ಹುಚ್ಚು ಹಿಡಿಯಿತು. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಯ ಕಲ್ಲಿನಲ್ಲಿ ರೆಕ್ಕೆ ಬಿಚ್ಚಿದ ಗಂಡಭೇರುಂಡ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಆನೆಗಳನ್ನೇ ಹಿಡಿದುಕೊಂಡಿದೆ. ಮೈಸೂರು ಒಡೆಯರ ಲಾಂಛನದಲ್ಲೂ ಅದೇ.

ಬೇಲೂರಿಗೆ ಡಿಗ್ರಿಯಲ್ಲಿದ್ದಾಗಲೇ ಟ್ರಿಪ್ ಹೋಗಿದ್ದೆವು. ಶಿಲಾಬಾಲಿಕೆಯರ ಕೆಳಗೆ ಸೆಲ್ಫಿ ತೆಗೆದುಕೊಂಡು, ಮುಂದಿನ ಊರಿಗೆ ಹೊತ್ತಾಯಿತೆಂದು ಓಡಿದ್ದೆವು. ಈ ಸಲ ಒಂದೇ ಒಂದು ಕೆತ್ತನೆ ಹುಡುಕಿಕೊಂಡು ಹೋದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ ಹಿಡಿದಿದೆ, ಕೊನೆಗೆ ಶರಭನ ಮೇಲೆ ಗಂಡಭೇರುಂಡ. ದೊಡ್ಡವನನ್ನು ನುಂಗಲು ಅವನಿಗಿಂತ ದೊಡ್ಡವನೊಬ್ಬ ಇದ್ದೇ ಇರುತ್ತಾನೆಂದು ಆ ಶಿಲ್ಪಿ ಮಾತಿಲ್ಲದೆ ಹೇಳಿಬಿಟ್ಟಿದ್ದಾನೆ. ಸಾಲಿನ ಆ ತುದಿಯಲ್ಲಿರುವ ಜಿಂಕೆಯನ್ನು ನಾನು ತುಸು ಹೆಚ್ಚೇ ಹೊತ್ತು ನೋಡಿದೆ. ಲಕ್ಷಗಟ್ಟಲೆ ಜನ ಅರ್ಜಿ ಹಾಕುವ ಪರೀಕ್ಷೆ ಬರೆಯುವವರಿಗೆ ಕಾರಣ ಹೇಳಬೇಕಿಲ್ಲ.

ಇದರ ಹಿಂದೆ ಪುರಾಣವೂ ಇದೆ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲ. ಅವನನ್ನು ತಣಿಸಲು ಶಿವ ಶರಭನಾಗಿ ಬಂದ. ಶೈವರು ಹೇಳುವ ಕಥೆ ಶರಭ ಗೆಲ್ಲುವಲ್ಲಿಗೆ ಮುಗಿಯುತ್ತದೆ. ವೈಷ್ಣವರ ಕಥೆಯಲ್ಲಿ ನರಸಿಂಹ ಗಂಡಭೇರುಂಡನಾಗಿ ಶರಭನ ಮೇಲೆ ಬೀಳುತ್ತಾನೆ. ಹಾಗಾದರೆ ಗಂಡಭೇರುಂಡ ವಿಷ್ಣುವಿನ ಪಾಲಿನದಾಗಬೇಕಲ್ಲ? ಆದರೆ ಬಳ್ಳಿಗಾವೆಯ ಕಂಬ ನೆಟ್ಟಿದ್ದು ಶಿವಾಲಯದ ಎದುರು, ಕೆಳದಿಯ ರಾಮೇಶ್ವರನೂ ಶಿವನೇ. ಕಥೆ ಯಾರದೇ ಇರಲಿ, ಹಕ್ಕಿಯನ್ನು ಎಲ್ಲರೂ ತಮ್ಮದು ಮಾಡಿಕೊಂಡರು. ಅದಕ್ಕೇ ಅದು ಉಳಿಯಿತು ಎಂಬುದು ನನ್ನ ಲೆಕ್ಕ.

ಇನ್ನು ಆ ಲಾಂಛನವನ್ನೇ ಮತ್ತೆ ನೋಡಿ. ಕಥೆಯಲ್ಲಿ ಒಬ್ಬರನ್ನೊಬ್ಬರು ಹರಿದುಹಾಕಲು ಹೊರಟವರು ಇಲ್ಲಿ ಒಟ್ಟಿಗಿದ್ದಾರೆ! ನಡುವೆ ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ, ಅದನ್ನು ಎರಡು ಕಡೆಯಿಂದ ಹಿಡಿದು ಕಾಯುತ್ತಿರುವುದು ಅದರ ಹಳೇ ವೈರಿ ಶರಭ. ಈ ಶರಭನೂ ಬದಲಾಗಿದ್ದಾನೆ. ಪುರಾಣದಲ್ಲಿ ಎಂಟು ಕಾಲು, ರೆಕ್ಕೆಗಳ ಭೀಕರ ರೂಪ. ಇಲ್ಲಿ ಆನೆಯ ತಲೆಯ ಸಿಂಹ. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯ ಮೇಲಿರುವ ಪ್ರಾಣಿಯೂ ಇದೇ. ಬಚ್ಚಲಮನೆಯಲ್ಲೇ ಉತ್ತರ ಇಟ್ಟುಕೊಂಡು ನಾನು 'ಸಿಂಹ' ಎಂದು ಬರೆದು ಬಂದಿದ್ದೆ.

ಎರಡು ತಲೆಯ ಹಕ್ಕಿ ನಮ್ಮ ಒಬ್ಬರ ಸೊತ್ತೂ ಅಲ್ಲ. ಟರ್ಕಿಯ ಅಲಾಜಾ ಹ್ಯೂಯುಕ್‌ನಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯ ಹಿಟೈಟ್ ಜನರ ಕಲ್ಲುಬಾಗಿಲಿನಲ್ಲಿ ಅದಿದೆ. ತಕ್ಷಶಿಲೆಯ ಸಿರ್ಕಪ್‌ನ ಸ್ತೂಪವೊಂದಕ್ಕೆ ಅದರಿಂದಲೇ ಹೆಸರು. ಅಲ್ಬೇನಿಯಾದ ಕೆಂಪು ಬಾವುಟದಲ್ಲಿ ಅದು ಕಪ್ಪಗಿದೆ. ಇವೆಲ್ಲ ನಮ್ಮಿಂದಲೇ ಹೋದದ್ದು ಎಂದು ಎದೆ ತಟ್ಟಿಕೊಳ್ಳುವ ವಾಟ್ಸ್‌ಆ್ಯಪ್ ಸಂದೇಶ ನನಗೂ ಬಂದಿದೆ. ಹೋಲಿಕೆ ಕಂಡ ಕೂಡಲೇ ನಂಟು ಕಟ್ಟುವುದು ಅವಸರವಾಗುತ್ತದೆ. ಎರಡೂ ದಿಕ್ಕಿಗೆ ಕಣ್ಣಿಟ್ಟ ಕಾವಲುಗಾರ ಬೇಕೆಂದು ಬೇರೆ ಬೇರೆ ನಾಡಿನವರಿಗೆ ತಾವಾಗೇ ಅನ್ನಿಸಿರಲೂಬಹುದಲ್ಲ?

ಶಿರಾಳಕೊಪ್ಪದಿಂದ ಮರಳಿದ ಮೇಲೆ ಅಪ್ಪನ ಹತ್ತಿರ ನಾನೇ ಮಾತು ತೆಗೆದೆ. ಇನ್ನೊಂದು ವರ್ಷ, ಜೊತೆಗೆ ಬೆಳಿಗ್ಗೆ ಹೊತ್ತು ಟ್ಯೂಷನ್ ಹೇಳಿಕೊಡುತ್ತೇನೆ, ಪಿಜಿ ಬಾಡಿಗೆ ನನ್ನದೇ ಎಂದೆ. 'ಆಯ್ತು' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಆ ಕಂಬದ ಫೋಟೊ ಇದೆಯಾ?' ಎಂದು ಕೇಳಿದರು. ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು.

ಮೊನ್ನೆ ಆದಾಯ ಪ್ರಮಾಣಪತ್ರದ ಅವಧಿ ಮುಗಿದು ಹೊಸದನ್ನು ಮಾಡಿಸಿದೆ. ಸೈಬರ್ ಅಂಗಡಿಯ ಪ್ರಿಂಟರ್‌ನಲ್ಲಿ ಇಂಕು ಕಡಿಮೆಯಿತ್ತು. ಲಾಂಛನದಲ್ಲಿ ಹಕ್ಕಿ ಹೇಗೋ ಮೂಡಿತ್ತು, ಶರಭಗಳು ಮಾತ್ರ ಕಾಣಿಸಲೇ ಇಲ್ಲ.

'ಅಣ್ಣಾ, ಇನ್ನೊಂದು ಪ್ರಿಂಟ್ ಹಾಕಿ' ಎಂದೆ.