ಜರ್ಮನ್ ದಡಾರವೂ ಶಿಶುವಿನ ಕಿವಿಯೂ

ಹುಟ್ಟುಕಿವುಡನ್ನು ಗ್ರಹಚಾರವೆಂದೂ ತಾಯಿಯ ದೋಷವೆಂದೂ ಹೇಳುವ ವಾಡಿಕೆಯು ಬಹುಕಾಲದ್ದು. ಅದರ ಒಂದು ನಿಜವಾದ ಕಾರಣವು ವೈದ್ಯರಿಗೆ ತಿಳಿದುಬಂದದ್ದು ತಾಯಂದಿರ ಮಾತಿನಿಂದಲೇ.

1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದ ನೇತ್ರವೈದ್ಯರಾದ ನಾರ್ಮನ್ ಗ್ರೆಗ್ ಎಂಬವರು, ಕಣ್ಣಿನ ಪೊರೆಯೊಂದಿಗೆ ಹುಟ್ಟುವ ಶಿಶುಗಳು ಅಸಾಧಾರಣವಾಗಿ ಹೆಚ್ಚಿದ್ದನ್ನು ಕಂಡು ಕಾರಣವನ್ನು ಶೋಧಿಸಿದರು. ಅಂಥ 78 ಶಿಶುಗಳಲ್ಲಿ 68ರ ತಾಯಂದಿರಿಗೆ ಗರ್ಭಕಾಲದಲ್ಲಿ ಜರ್ಮನ್ ದಡಾರವು ಬಂದಿತ್ತು. ಈ ಮಕ್ಕಳಲ್ಲಿ ಅನೇಕರು ಕಿವುಡರೆಂಬದು ಆ ಬಳಿಕ ತಿಳಿಯಿತು. ಕೆಲವು ಪಂಡಿತರು ಬೇಗನೆ ನಂಬಲಿಲ್ಲ. ತಾಯಿಯು ನಂಬತಕ್ಕ ಸಾಕ್ಷಿಯೆಂದೇ ನಮ್ಮ ಅಭಿಪ್ರಾಯ.

ರುಬೆಲ್ಲಾ ಎಂದೂ ಕರೆಯುವ ಈ ರೋಗವು ಮಕ್ಕಳಿಗೆ ಬಂದರೆ ಅಲ್ಪ ಜ್ವರ, ಕಿವಿಯ ಹಿಂದೆ ಗಂಟು, ಮೂರು ದಿನದ ಕೆಂಪು ಗುಳ್ಳೆ, ಇಷ್ಟೇ. ಅನೇಕರಿಗೆ ಬಂದುಹೋದದ್ದೇ ತಿಳಿಯದು. ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ತಗಲಿದರೆ ರೋಗಾಣುವು ಮಾಸನ್ನು ದಾಟಿ, ಶಿಶುವಿನ ಒಳಗಿವಿಯು ರೂಪುಗೊಳ್ಳುತ್ತಿರುವಾಗಲೇ ಅದನ್ನು ಕೆಡಿಸುವದು. ಆ ಕೇಡನ್ನು ಅಳಿಸುವ ಔಷಧವಿಲ್ಲ. 1964-65ರ ಉಪದ್ರವದಲ್ಲಿ ಅಮೇರಿಕದಲ್ಲಿ ಸುಮಾರು 20,000 ಶಿಶುಗಳು ಈ ಬಾಧೆಯೊಂದಿಗೆ ಹುಟ್ಟಿದವು. 11,000ಕ್ಕೂ ಹೆಚ್ಚು ಕಿವುಡು.

1969ರಲ್ಲಿ ಲಸಿಕೆಯು ಬಳಕೆಗೆ ಬಂತು. ಭಾರತ ಸರ್ಕಾರವು 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾರ್ಯದಲ್ಲಿ, 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲಿಯೇ ದಡಾರ-ರುಬೆಲ್ಲಾ ಚುಚ್ಚುಮದ್ದನ್ನು ಕೊಡಲಾಯಿತು. ಇದರಿಂದ ಹುಡುಗಿಯರು ಬಂಜೆಯರಾಗುವರೆಂಬ ಮಾತಿಗೆ ಆಧಾರವಿಲ್ಲ, ಹೆತ್ತವರು ಕಿವಿಗೊಡಬಾರದು. ಗರ್ಭಿಣಿಯರಿಗೆ ಮಾತ್ರ ಇದನ್ನು ಕೊಡುವದಿಲ್ಲ. ಹಾಕಿಸಿಕೊಂಡವರು ಒಂದು ತಿಂಗಳ ವರೆಗೆ ಗರ್ಭ ಧರಿಸಬಾರದು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರು ವಿವಾಹಕ್ಕೆ ಮುಂಚಿತವಾಗಿಯೇ ತಮ್ಮ ಲಸಿಕೆಯ ಕಾರ್ಡನ್ನು ಹುಡುಕಿ ನೋಡಿ, ಸಂದೇಹವಿದ್ದರೆ ವೈದ್ಯರನ್ನು ಕೇಳತಕ್ಕದ್ದು.