ಶಾಸನಗಳ ವರ್ಣಚ್ಛಾಯಾಚಿತ್ರಗಳಲ್ಲಿ ದೋಷನಿರ್ಣಯ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಸಂಪತ್ತು ವಿದ್ವಾಂಸರಿಗೆ ಸುವಿದಿತವಾದುದು. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 3ನೆಯ ಸಂಪುಟದಲ್ಲಿ (1894) ಈ ಪ್ರಾಂತದ ಶಾಸನಗಳನ್ನು ಪ್ರಕಟಿಸಿದರು. ಶಕ 872ರ ಆತಕೂರಿನ ಕಲ್ಲು ಮದ್ದೂರು ತಾಲ್ಲೂಕಿನದೇ. ಅದೀಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಬಯಲಲ್ಲಿ ನಿಂತವುಗಳ ಮೇಲೆ ಕಲ್ಲಹೂ ಬೆಳೆದು, ಅದರ ಗೆರೆಯು ಅಕ್ಷರದ ಗೆರೆಯೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಮಸಿಯ ಪಡಿಯಚ್ಚಿನಲ್ಲಿ ಬಣ್ಣವಿಲ್ಲದ ಕಾರಣ ಈ ಭ್ರಾಂತಿಯ ನಿವಾರಣೆಗೆ ವರ್ಣಚ್ಛಾಯಾಚಿತ್ರವೂ ಬೇಕಾಗುತ್ತದೆ. ಆರು ಸೆಂಟಿಮೀಟರು ಅಗಲದ 120 ಸಂಖ್ಯೆಯ ಫಿಲ್ಮಿನಲ್ಲಿ ನೆಗೆಟಿವು ದೊಡ್ಡದಾಗಿರುವುದರಿಂದ, ಹಿಗ್ಗಿಸಿದರೂ ಅಕ್ಷರವು ಕೆಡುವುದಿಲ್ಲ.

ಆದರೆ ಚಿತ್ರವು ಕೆಟ್ಟು ಬಂದಾಗ ದೋಷವು ಯಾರದು? ಪಾಠವು ಕೆಟ್ಟಿರುವಲ್ಲಿ ತಪ್ಪು ಕವಿಯದೋ ಲಿಪಿಕಾರನದೋ ಎಂದು ವಿಚಾರಿಸದೆ ನಾವು ತಿದ್ದುವುದಿಲ್ಲ. ಇಲ್ಲಿಯೂ ತಪ್ಪು ಚಿತ್ರ ತೆಗೆದವನದೋ ಫಿಲ್ಮು ತೊಳೆದವನದೋ ಎಂಬ ನಿರ್ಣಯವು ಮೊದಲು ಆಗಬೇಕು.

ಇದಕ್ಕೆ ಫಿಲ್ಮಿನ ಅಂಚೇ ಸಾಕ್ಷಿ. ಅಂಚಿನಲ್ಲಿ ಕಾಣುವ ಹೆಸರು ಮತ್ತು ಅಂಕಿಗಳನ್ನು ಕಾರ್ಖಾನೆಯಲ್ಲಿಯೇ ಬೆಳಕಿನಿಂದ ಅಚ್ಚೊತ್ತಿರುತ್ತಾರೆ. ಅವು ನಮ್ಮ ಕ್ಯಾಮೆರಾದ ಬೆಳಕನ್ನು ಕಂಡುವಲ್ಲ. ತೊಳೆಯುವ ದ್ರವಗಳನ್ನು ಮಾತ್ರ ಚಿತ್ರದೊಡನೆ ಕಂಡಿವೆ. ಆದುದರಿಂದ ಅನ್ವಯವ್ಯತಿರೇಕಗಳಿಂದ ಹೀಗೆ ನಿರ್ಣಯಿಸಬಹುದು. ಅಂಚಿನ ಅಕ್ಷರ ಚೆನ್ನಾಗಿದ್ದು ಚಿತ್ರವು ತೆಳುವಾಗಿದ್ದರೆ, ಚಿತ್ರ ತೆಗೆದವನು ಕೊಟ್ಟ ಬೆಳಕು ಸಾಲದು. ಎರಡೂ ತೆಳುವಾಗಿದ್ದರೆ ಡೆವಲಪರಿನ ಕೊರತೆಯನ್ನು ಶಂಕಿಸಬೇಕು. ಅಂಚಿನಿಂದ ಒಳಕ್ಕೆ ಕಪ್ಪು ಹರಡಿದ್ದರೆ, ಸುರುಳಿ ಸಡಿಲವಾಗಿ ಬೆಳಕು ನುಗ್ಗಿರುವುದು ಸಂಭವ. ಚೆನ್ನಾಗಿ ತೊಳೆದ ಅದೇ ಜಾತಿಯ ಹಳೆಯ ಫಿಲ್ಮೊಂದನ್ನು ಪಕ್ಕದಲ್ಲಿಟ್ಟು ನೋಡಿದರೆ ನಿರ್ಣಯವು ದೃಢವಾಗುತ್ತದೆ.

ಇನ್ನು ಚಿಕಿತ್ಸೆಯ ವಿಚಾರ. 1972ರಿಂದ ಬಳಕೆಗೆ ಬಂದ ಸಿ-41 ಕ್ರಮದಲ್ಲಿ ಮುಖ್ಯವಾದ ಸಂಸ್ಕಾರಗಳು ಮೂರು. ಡೆವಲಪರಿನಲ್ಲಿ ಬೆಳ್ಳಿಯ ಬಿಂಬವೂ ಅದರೊಡನೆ ಬಣ್ಣಗಳೂ ಹುಟ್ಟುತ್ತವೆ. ಬ್ಲೀಚು ಆ ಬೆಳ್ಳಿಯನ್ನು ಮತ್ತೆ ಲವಣವಾಗಿಸುತ್ತದೆ. ಫಿಕ್ಸರು ಲವಣವನ್ನು ಕರಗಿಸಿ ತೆಗೆದು ಬಣ್ಣವನ್ನು ಮಾತ್ರ ಉಳಿಸುತ್ತದೆ. ಡೆವಲಪರಿಗೆ 37.8 ಡಿಗ್ರಿ ಸೆಂಟಿಗ್ರೇಡಿನ ಶಾಖವೂ 3 ನಿಮಿಷ 15 ಸೆಕೆಂಡುಗಳ ಕಾಲವೂ ವಿಹಿತವಾಗಿವೆ. ಇಲ್ಲಿ ಹುಟ್ಟದ ಬಣ್ಣವನ್ನು ಮುಂದೆ ಹುಟ್ಟಿಸಲಾಗದು; ಈ ದೋಷವು ಅಸಾಧ್ಯ. ಬ್ಲೀಚು ಫಿಕ್ಸರುಗಳ ಕೊರತೆಯು ಸಾಧ್ಯ; ಆ ಎರಡು ಸಂಸ್ಕಾರಗಳನ್ನು ಪುನಃ ಮಾಡಿದರೆ ಚಿತ್ರವು ತಿಳಿಯಾಗುತ್ತದೆ. ಫಿಕ್ಸರು ಸಾಲದಾದರೆ ಫಿಲ್ಮು ಹಾಲಿನಂತೆ ಮಬ್ಬಾಗಿರುತ್ತದೆ. ಬ್ಲೀಚು ಸಾಲದಾದರೆ ಬೆಳ್ಳಿ ಉಳಿದು ನೆಗೆಟಿವು ಅತಿ ಕಪ್ಪಾಗಿ, ಅದರ ಪ್ರತಿಯಲ್ಲಿ ಬಣ್ಣವು ಮಂಕಾಗುತ್ತದೆ. ನೀರಿನ ಕಲೆಗಳು ಮರುತೊಳೆತದಿಂದ ಬಹುಮಟ್ಟಿಗೆ ಹೋಗುತ್ತವೆ. ಉದ್ದಕ್ಕೆ ಬಿದ್ದ ಗೀರು ಹೋಗದು.

ಈ ವಿಚಾರಕ್ಕೆ ನನ್ನನ್ನು ತೊಡಗಿಸಿದುದು ಒಂದು ಸ್ವಾನುಭವ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಕಡೆಯ ಹಳ್ಳಿಯೊಂದರಲ್ಲಿ ಒಂದು ವೀರಗಲ್ಲು. ಅದರ ಎರಡನೆಯ ಸಾಲಿನ ಒಂದಕ್ಷರವು ಪಕಾರವೋ ವಕಾರವೋ ಎಂಬ ಸಂಶಯವಿತ್ತು. ವೀರನ ಹೆಸರು ಅದನ್ನೇ ಅವಲಂಬಿಸಿತ್ತು. ಹನ್ನೆರಡು ಚಿತ್ರಗಳನ್ನು ತೆಗೆದು ಫಿಲ್ಮನ್ನು ತೊಳೆಯಲು ಕೊಟ್ಟೆನು. ಕಪ್ಪಾದ ನೆಗೆಟಿವನ್ನು ಹಿಂದಿರುಗಿಸುತ್ತ ಅವರು “ನೀವೇ ಬೆಳಕು ಹೆಚ್ಚು ಕೊಟ್ಟಿದ್ದೀರಿ ಸ್ವಾಮಿ” ಎಂದರು. ನಾನೂ ನಂಬಿ, ಮರಳಿ ಚಿತ್ರ ತೆಗೆಯಲು ಹೋದೆನು. ಅಷ್ಟರಲ್ಲಿ ಊರವರು ಹಬ್ಬಕ್ಕೆಂದು ಭಕ್ತಿಯಿಂದ ಆ ಕಲ್ಲಿಗೆ ಸುಣ್ಣ ಬಳಿದಿದ್ದರು. ಕೆಟ್ಟುಹೋದುದೆಂದು ಎಣಿಸಿದ್ದ ಫಿಲ್ಮೇ ನಮಗೆ ಉಳಿದ ಏಕಮಾತ್ರ ಪ್ರತಿಯಾಯಿತು.

ಆಗ ಅಂಚನ್ನು ಪರೀಕ್ಷಿಸಿದೆನು. ಕ್ಯಾಮೆರಾದ ಬೆಳಕು ಹೆಚ್ಚಾಗಿದ್ದರೆ ಚಿತ್ರ ಮಾತ್ರ ಕಪ್ಪಾಗಬೇಕಿತ್ತು. ಇಲ್ಲಿ ಅಂಚಿನ ಅಕ್ಷರಗಳೂ ಬೂದುಗಪ್ಪಾಗಿದ್ದುವು. ಡೆವಲಪರು ಹೆಚ್ಚಾದರೂ ಹೀಗಾಗಬಹುದಲ್ಲವೇ ಎಂಬ ಆಕ್ಷೇಪವುಂಟು. ಅದರ ಪರಿಹಾರಕ್ಕಾಗಿ, ಚಿತ್ರವಿಲ್ಲದ ತುದಿಯಲ್ಲಿ ಅಂಚಿನ ಅಕ್ಷರವಿರುವ ಒಂದು ತುಂಡನ್ನು ಮಾತ್ರ ಕತ್ತರಿಸಿ, ಬಲ್ಲವರಿಂದ ಬ್ಲೀಚು ಫಿಕ್ಸರುಗಳಲ್ಲಿ ಮತ್ತೆ ಅದ್ದಿಸಿದೆನು. ಕಪ್ಪು ಇಳಿದು ಬಣ್ಣವು ತೋರಿತು. ಉಳಿದುದು ಬೆಳ್ಳಿಯೆಂಬುದು ಸಿದ್ಧವಾಯಿತು. ಅನಂತರ ಇಡೀ ಫಿಲ್ಮಿಗೆ ಅದೇ ಸಂಸ್ಕಾರವನ್ನು ಮಾಡಿಸಿದೆವು. ಅಕ್ಷರದ ತಲೆಯನ್ನು ಮುಚ್ಚಿದ್ದ ಗೆರೆಯು ಬೂದುಹಸಿರಿನ ಕಲ್ಲಹೂ ಎಂದು ಸ್ಪಷ್ಟವಾಗಿ, ಪಕಾರವೇ ನಿಂತಿತು.

ಆದಕಾರಣ ಶಾಸನಗಳ ಚಿತ್ರ ತೆಗೆಯುವವರಲ್ಲಿ ಮೂರು ವಿಜ್ಞಾಪನೆಗಳು. ಒಂದೇ ಕಲ್ಲಿನ ಚಿತ್ರವನ್ನು ಎರಡು ಸುರುಳಿಗಳಲ್ಲಿ ತೆಗೆದು, ಮೊದಲನೆಯದು ಬಂದಮೇಲೆಯೇ ಎರಡನೆಯದನ್ನು ತೊಳೆಯಲು ಕೊಡಬೇಕು. ಅಂಚನ್ನು ಕತ್ತರಿಸಕೂಡದೆಂದು ತಿಳಿಸಬೇಕು. ದೋಷನಿರ್ಣಯವಾಗುವ ಮೊದಲು ಯಾವ ಫಿಲ್ಮನ್ನೂ ಬಿಸುಡಬಾರದು. ಹುಳು ತಿಂದ ಓಲೆಯನ್ನು ನಾವು ಬಿಸುಡುವುದಿಲ್ಲವಷ್ಟೆ.