ದೈವಕ್ಕೆ ಗ್ರಾನೈಟ್ ಬೇಕೇ?

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಸಂಪಾಜೆ ಕಡೆ ಹೊರಟರೆ ಅರಂತೋಡು ಸಿಗುತ್ತದೆ. ಬಸ್ಸಿನಲ್ಲಿ ಕೂತವರಿಗೆ ಕಾಣುವುದು ಅಡಿಕೆ ತೋಟ, ರಬ್ಬರು, ನಡುನಡುವೆ ತಾರಸಿ ಮನೆ. ಗೌಡ ಕುಟುಂಬಗಳ ತರವಾಡು ಮನೆಗಳನ್ನು, ಅಂದರೆ ಮೂಲಮನೆಗಳನ್ನು, ನೋಡಬೇಕಾದರೆ ತೊಡಿಕಾನದ ದಾರಿಯಂಥ ಒಳರಸ್ತೆ ಹಿಡಿಯಬೇಕು. ಘಟ್ಟ ಹತ್ತಿ ಕೊಡಗಿಗೆ ಹೋದರೆ ಇಂಥದ್ದೇ ಮನೆ ಐನ್‌ಮನೆ. ಅರೆಭಾಷೆ ಆಡುವ ಗೌಡರಲ್ಲಿ ಹತ್ತು ಕುಟುಂಬ, ಹದಿನೆಂಟು ಗೋತ್ರ ಎಂಬ ಮಾತುಂಟು; ಹೆಸರಿನ ಜೊತೆ ಮನೆತನದ ಹೆಸರು ಬಂದೇ ಬರುತ್ತದೆ. 1837ರ ಅಮರ ಸುಳ್ಯ ದಂಗೆಯ ಕೆದಂಬಾಡಿ ರಾಮಯ್ಯ ಗೌಡರಿಂದ ಹಿಡಿದು ಸುಳ್ಯದಲ್ಲಿ ಕಾಲೇಜು ಕಟ್ಟಿದ ಕುರುಂಜಿ ವೆಂಕಟರಮಣ ಗೌಡರವರೆಗೆ ಹಾಗೆಯೇ.

ತರವಾಡು ಮನೆಯಲ್ಲಿ ಎಲ್ಲರೂ ವಾಸ ಇರುವುದಿಲ್ಲ. ಆದರೆ ಕುಟುಂಬದ ಧರ್ಮದೈವ, ಗತಿಸಿದ ಹಿರಿಯರ ಸಾನ್ನಿಧ್ಯವಾದ ಗುರುಕಾರ್ನೋರು ಇರುವುದು ಅಲ್ಲೇ. ಬೆಂಗಳೂರಿನಲ್ಲಿರುವವರೂ ದೈವದ ನೇಮದ ದಿನ ಬಂದು ಚಾವಡಿಯಲ್ಲಿ ನಿಲ್ಲುತ್ತಾರೆ. ಹಳೆಯ ಮನೆಗಳಿಗೆ ಮಣ್ಣಿನ ಇಲ್ಲವೇ ಮುರಕಲ್ಲಿನ ದಪ್ಪ ಗೋಡೆ, ಮೇಲೆ ಮರದ ಮುಚ್ಚಿಗೆ, ಅಟ್ಟ. ಮಳೆಗಾಲದ ಇರಿಚಲು ಗೋಡೆಗೆ ತಾಗದ ಹಾಗೆ ಮಾಡು ಜಗಲಿಯಿಂದ ಆಚೆಗೂ ಇಳಿದಿರುತ್ತದೆ. ಪಕ್ಕಾಸು, ರೀಪಿನ ಮೇಲೆ ಮೊದಲು ಇದ್ದದ್ದು ಮುಳಿಹುಲ್ಲು. ಹೆಂಚು ಬಂದದ್ದು ಆಮೇಲೆ. ಆ ಹೆಂಚಿನ ಮೂಲ ಮಂಗಳೂರಿನ ಜೆಪ್ಪು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಅಲ್ಲಿ ಕಾರ್ಖಾನೆ ತೆರೆದರು. ಮತಾಂತರಗೊಂಡು ಕುಲಕಸುಬು ಕಳೆದುಕೊಂಡವರಿಗೆ ಕೂಲಿ ಬೇಕಿತ್ತು, ನೇತ್ರಾವತಿಯ ದಂಡೆಯಲ್ಲಿ ಆವೆಮಣ್ಣು ಬೇಕಾದಷ್ಟಿತ್ತು.

ಹೀಗೆ ಮಣ್ಣು ಸುಟ್ಟು ಬದುಕು ಕಟ್ಟಿಕೊಂಡ, ತರವಾಡಿನಂತೆ ಎಲ್ಲರಿಗೂ ಸೇರಿದ ಮನೆಗಳಿದ್ದ ಇನ್ನೊಂದು ಧಾರ್ಮಿಕ ಸಮುದಾಯ ದೂರದ ಕೆನಡಾದಲ್ಲಿತ್ತು. ರಷ್ಯದ ಡುಖೊಬೊರರು ಯುದ್ಧ ಒಲ್ಲೆವೆಂದು 1895ರಲ್ಲಿ ತಮ್ಮ ಆಯುಧಗಳನ್ನು ರಾಶಿ ಹಾಕಿ ಸುಟ್ಟರು. ಸರ್ಕಾರದ ಹಿಂಸೆ ತಾಳದೆ ಹಡಗು ಹತ್ತಿ 1899ರಲ್ಲಿ ಸುಮಾರು 7,500 ಮಂದಿ ಕೆನಡಾ ತಲುಪಿದರು. ಆ ಪ್ರಯಾಣದ ಖರ್ಚಿಗೆಂದು ಟಾಲ್‌ಸ್ಟಾಯ್ ತಮ್ಮ ‘ಪುನರುತ್ಥಾನ’ ಕಾದಂಬರಿಯ ಸಂಭಾವನೆ ಕೊಟ್ಟರು. 1908ರಿಂದ ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಯೂರಿದವರು ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ತಮ್ಮದೇ ಭಟ್ಟಿ ಹಾಕಿ ಇಟ್ಟಿಗೆ ಸುಟ್ಟರು. ಊರಿಗೆ ಎರಡು ದೊಡ್ಡ ಮಹಡಿ ಮನೆ, ಒಂದೊಂದರಲ್ಲಿ 35ರಿಂದ 50 ಜನ. ಒಂದೇ ಅಡುಗೆಮನೆ, ಒಂದೇ ಪಂಕ್ತಿ. ಜಮೀನಾಗಲಿ ಮನೆಯಾಗಲಿ ಒಬ್ಬೊಬ್ಬರ ಹೆಸರಿನಲ್ಲಿರಲಿಲ್ಲ, ಎಲ್ಲವೂ ಸಮುದಾಯದ ಸಂಘದ್ದು. 1938ರಲ್ಲಿ ಸಾಲದಿಂದ ಸಂಘ ದಿವಾಳಿಯೆದ್ದಿತು, ಆಸ್ತಿ ಕೈಬಿಟ್ಟುಹೋಯಿತು. ಈಗ ಉಳಿದಿರುವ ಕೆಲವೇ ಇಟ್ಟಿಗೆ ಮನೆಗಳನ್ನು ಪರಂಪರೆಯ ಕಟ್ಟಡಗಳೆಂದು ಕಾಪಾಡುತ್ತಿದ್ದಾರೆ.

ನಮ್ಮ ತರವಾಡುಗಳಿಗೆ ಸಾಲದ ಕಂಟಕ ಬರಲಿಲ್ಲ, ನಿಜ. ಆದರೆ ಪಾಲಾಗಿ ತೋಟ ಹರಿದು ಹಂಚಿಹೋಗಿದೆ. ಸಂಪಾಜೆ, ಅರಂತೋಡು, ತೊಡಿಕಾನದ ಅಡಿಕೆಯನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಕೈಯಲ್ಲಿ ಕಾಸಿಲ್ಲದ ವರ್ಷ ಒಡೆದ ಹೆಂಚು ಬದಲಿಸುವವರು ಯಾರು? ಒಂದು ಹೆಂಚು ಜಾರಿದರೆ ಸಾಕು, ಮಳೆನೀರು ಪಕ್ಕಾಸಿಗೆ ಇಳಿದು, ಗೆದ್ದಲು ಹತ್ತಿ, ಮಣ್ಣಿನ ಗೋಡೆ ನೆನೆದು ಕೂರುತ್ತದೆ. ಆದರೂ ಈ ಮನೆಗಳು ಪೂರ್ತಿ ಹಾಳು ಬೀಳದಿರುವುದು ದೈವದ ಹೆದರಿಕೆಯಿಂದ. ನೇಮ ನಿಂತರೆ ಕುಟುಂಬಕ್ಕೆ ಒಳ್ಳೆಯದಾಗದು ಎಂಬ ನಂಬಿಕೆಯೇ ವಂತಿಗೆ ಎತ್ತಿಸುತ್ತದೆ. ಡುಖೊಬೊರರ ಸಂಘದ ಕಾಗದಪತ್ರಕ್ಕಿಂತ ಈ ನಂಬಿಕೆ ಗಟ್ಟಿ ಎಂದು ನನಗನ್ನಿಸುತ್ತದೆ.

ತಕರಾರಿರುವುದು ಇನ್ನೊಂದು ಕಡೆ. ವಂತಿಗೆ ಚೆನ್ನಾಗಿ ಕೂಡಿತೆಂದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಮನೆಯನ್ನೇ ಕೆಡವುತ್ತಾರೆ. ಕೆತ್ತನೆಯ ಕಂಬ, ಮುಚ್ಚಿಗೆಯ ಹಲಗೆ ಹೊರಗೆ ಬಿದ್ದು, ಆ ಜಾಗಕ್ಕೆ ಕಾಂಕ್ರೀಟು, ಗ್ರಾನೈಟು ಬರುತ್ತವೆ. ಹೆದರಿಕೆಯಿಂದ ಇಷ್ಟು ಕಾಲ ನಿಂತ ಮನೆ ಭಕ್ತಿ ಹೆಚ್ಚಾಗಿ ಬೀಳುವುದು ವಿಚಿತ್ರವೇ ಸರಿ.

ಕುಟುಂಬದ ಹಿರಿಯರಲ್ಲಿ, ಜೀರ್ಣೋದ್ಧಾರ ಸಮಿತಿಯವರಲ್ಲಿ ವಿನಂತಿ ಇಷ್ಟೇ: ಕೆಡವುವ ಮುಂಚೆ ಹಳೆಯ ಮರಗೆಲಸ ಬಲ್ಲ ಒಬ್ಬ ಆಚಾರಿಯನ್ನು ಕರೆಸಿ ಮಾಡು ತೋರಿಸಿ, ರಿಪೇರಿಯ ಖರ್ಚು ಕೇಳಿ. ಕೆಡವಲೇಬೇಕೆಂದಾದರೆ ಮನೆಯ ಅಳತೆ ತೆಗೆಸಿ ನಕ್ಷೆ ಬರೆಸಿಡಿ, ಫೋಟೊ ತೆಗೆದಿಡಿ. ಅದರ ಒಂದು ಪ್ರತಿಯನ್ನು ಮಡಿಕೇರಿಯಲ್ಲಿರುವ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಗೂ ಕೊಡಿ.